ಹೊಲಮನೆಯ ವ್ಯಾನಿಗೆ ಹೊಸ ಬಣ್ಣ: ನೋಂದಣಿ ಮತ್ತು ವಿಮೆಯ ವಿಚಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಹೊರೆಯನ್ನು ಸಾಗಿಸುವ ಕೆಲಸವೆಲ್ಲವೂ ಹಿಂದೆ ಜೋಡೆತ್ತಿನ ಗಾಡಿಯ ಮೇಲೆಯೇ ನಡೆಯುತ್ತಿದ್ದಿತು. ಈಗ ಅನುಕೂಲವುಳ್ಳ ಹಿಡುವಳಿದಾರರ ಮನೆಯ ಮುಂದೆ ಗಾಡಿಯ ಸ್ಥಳದಲ್ಲಿ ಒಂದು ವ್ಯಾನು ನಿಂತಿರುವುದು ಸಾಮಾನ್ಯವಾಗಿದೆ. ಚನ್ನಗಿರಿಯ ಸೀಮೆಯಲ್ಲಿ ಅಡಿಕೆಯ ಗೊನೆಗಳನ್ನು ತೋಟದಿಂದ ಸುಲಿಯುವ ಮನೆಗೆ ತರುವುದಕ್ಕೂ, ಒಣಗಿದ ಅಡಿಕೆಯನ್ನು ತುಮ್ಕೋಸ್ ಸಂಘಕ್ಕೆ ಒಯ್ಯುವುದಕ್ಕೂ ಇದೇ ವ್ಯಾನು. ಹೊನ್ನಾಳಿ ನ್ಯಾಮತಿಗಳಲ್ಲಿ ಭತ್ತದ ಚೀಲಗಳಿಗೂ ಬಿತ್ತನೆಯ ಬೀಜ ಗೊಬ್ಬರಗಳಿಗೂ ಇದೇ. ಜಗಳೂರಿನ ಒಣಭೂಮಿಯಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿಗಳನ್ನು ದಾವಣಗೆರೆಯ ಮಾರುಕಟ್ಟೆಗೆ ಮುಟ್ಟಿಸುವುದೂ ಇದೇ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ವ್ಯಾನಿಗೆ ಬಣ್ಣ ಹೊಡೆಸುವ ವಿಷಯವು ಹಾಗಲ್ಲ. ಇದನ್ನು ಅರಿಯದೆ ನಷ್ಟಕ್ಕೆ ಗುರಿಯಾಗುವ ಸಂಭವವು ಬಹಳವಾಗಿರುವುದರಿಂದ, ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿ ನಿರೂಪಿತವಾಗಿವೆ.

ವ್ಯವಸಾಯದ ಕೆಲಸಕ್ಕೆ ಹಾಕಿದ ವ್ಯಾನಿನ ಬಣ್ಣವು ಪೇಟೆಯ ವ್ಯಾನಿನ ಬಣ್ಣಕ್ಕಿಂತ ಬೇಗನೆ ಕೆಡುತ್ತದೆ. ಇದಕ್ಕೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಯೂರಿಯಾ ಗೊಬ್ಬರವು ಗಾಳಿಯಲ್ಲಿನ ತೇವವನ್ನು ಹೀರಿ ಕರಗತಕ್ಕ ಪದಾರ್ಥ; ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಕ್ಲೋರೈಡು ಇರುವುದರಿಂದ ಅದು ಉಪ್ಪಿನಂತೆಯೇ ಕಬ್ಬಿಣವನ್ನು ತಿನ್ನುತ್ತದೆ. ಹರಿದ ಚೀಲದಿಂದ ಉದುರಿದ ಹಿಡಿಯಷ್ಟು ಗೊಬ್ಬರವು ತಗಡಿನ ಸಂದಿನಲ್ಲಿ ಒಂದು ಮಳೆಗಾಲ ಕುಳಿತರೆ ಸಾಕು, ಮೇಲಿನ ಬಣ್ಣವು ಗುಳ್ಳೆಯೆದ್ದು ಒಳಗಿನಿಂದ ತುಕ್ಕು ಹೊರಡುತ್ತದೆ. ಹಸಿ ಅಡಿಕೆಯ ರಸವೂ ಚೊಗರೂ ಬಿದ್ದ ಕಡೆ ಕಲೆ ನಿಲ್ಲುತ್ತದೆ. ಜಗಳೂರಿನ ಕಡೆ ಧೂಳು ಮತ್ತು ಬಿಸಿಲು ಸೇರಿ ಬಣ್ಣದ ಹೊಳಪನ್ನು ಎರಡು ಮೂರು ವರ್ಷಗಳಲ್ಲಿಯೇ ತೆಗೆದುಬಿಡುತ್ತವೆ. ಆದಕಾರಣ ಕಾಲಕಾಲಕ್ಕೆ ತುಕ್ಕನ್ನು ಕೆರೆದು ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಕೊಟ್ಟು, ಬಣ್ಣ ಹೊಡೆಸುವುದು ಶೋಕಿಯಲ್ಲ, ವಾಹನದ ರಕ್ಷಣೆಗೆ ಅವಶ್ಯವಾದ ಖರ್ಚು. ಸಾಮಾನು ಸಾಗಿಸುವ ವ್ಯಾನುಗಳಾದರೆ ಎಂಟು ವರ್ಷಗಳ ತನಕ ಎರಡು ವರ್ಷಕ್ಕೊಮ್ಮೆಯೂ ಆ ಮೇಲೆ ಪ್ರತಿ ವರ್ಷವೂ ಅರ್ಹತಾ ಪತ್ರವನ್ನು, ಅಂದರೆ ಜನರು ಎಫ್.ಸಿ. ಎಂದು ಕರೆಯುವುದನ್ನು, ನವೀಕರಿಸಿಕೊಳ್ಳಬೇಕಾಗಿರುವುದರಿಂದ ಅದಕ್ಕೆ ಮುಂಚೆ ಬಣ್ಣ ಹೊಡೆಸುವುದು ವಾಡಿಕೆಯಾಗಿಯೂ ಇದೆ.

ಮೊದಲು ತಿಳಿಯತಕ್ಕದ್ದೇನೆಂದರೆ, ಇದ್ದ ಬಣ್ಣವನ್ನೇ ಮತ್ತೆ ಹೊಡೆಸುವುದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ. ಬಿಳಿಯ ವ್ಯಾನಿಗೆ ಬಿಳಿಯನ್ನೇ ಕೊಡಿಸಿದರೆ ಆ ಸಂಗತಿಯು ಮಾಲೀಕನಿಗೂ ಪೇಂಟರನಿಗೂ ಸೇರಿದ್ದು. ಬಣ್ಣ ಬದಲಾದಾಗ ಮಾತ್ರ ಕಾಯಿದೆಯು ಎದುರಾಗುತ್ತದೆ. ಪ್ರತಿಯೊಂದು ಮೋಟಾರು ವಾಹನದ ನೋಂದಣಿ ಪತ್ರದಲ್ಲಿ ತಯಾರಕರ ಹೆಸರು, ಮಾದರಿ, ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ ಮುಂತಾದುವುಗಳ ಜೊತೆಯಲ್ಲಿ ಬಣ್ಣವೂ ನಮೂದಾಗಿರುತ್ತದೆ. ರಸ್ತೆಯಲ್ಲಿ ವಾಹನವನ್ನು ನಿಲ್ಲಿಸಿ ಕಾಗದಪತ್ರಗಳನ್ನು ಕೇಳುವ ಅಧಿಕಾರಿಗೆ ಮೊದಲು ಕಣ್ಣಿಗೆ ಬೀಳುವುದು ಬಣ್ಣವೇ. ಪತ್ರದಲ್ಲಿ ಬಿಳಿಯೆಂದೂ ಎದುರಿನಲ್ಲಿ ನೀಲಿಯೆಂದೂ ಕಂಡರೆ ಇದು ಕದ್ದ ವಾಹನವಿರಬಹುದೆಂಬ ಸಂಶಯವು ಹುಟ್ಟುವುದು ಸಹಜ. ಅಡಿಕೆಯ ಕೊಯ್ಲು ಭರದಿಂದ ನಡೆಯುತ್ತಿರುವಾಗ, ಸುಲಿಯುವವರು ಮನೆಯಲ್ಲಿ ಕಾದು ಕುಳಿತಿರುವಾಗ, ಗೊನೆ ತುಂಬಿದ ವ್ಯಾನು ಒಂದು ದಿನ ಠಾಣೆಯ ಮುಂದೆ ನಿಂತರೂ ಆಗುವ ನಷ್ಟವು ಎಷ್ಟೆಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು ವಾಹನದ ಮಾರ್ಪಾಡನ್ನು ಕುರಿತದ್ದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿ ಮಾಡಿದ ವಿವರಗಳಿಗೆ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದೆಂಬುದು ಅದರ ತಾತ್ಪರ್ಯ. ಇದು ಹೊಸ ಮಾತೇನೂ ಅಲ್ಲ. ಇದಕ್ಕೆ ಮುಂಚೆ ಇದ್ದ ೧೯೩೯ನೆಯ ಇಸವಿಯ ಕಾಯಿದೆಯಲ್ಲಿಯೂ ಮಾರ್ಪಾಡಿನ ವಿಷಯದಲ್ಲಿ ಒಂದು ಪ್ರಕರಣವಿದ್ದಿತು. ಈಗಿನ ಪ್ರಕರಣದ ಕೊನೆಯಲ್ಲಿ ಒಂದು ವಿವರಣೆಯೂ ಇದೆ. ವಾಹನದ ಮೂಲ ಲಕ್ಷಣವು ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯೇ ಮಾರ್ಪಾಡು ಎಂದು ಆ ವಿವರಣೆಯು ಹೇಳುತ್ತದೆ. ಬಣ್ಣವು ರಚನೆಯಲ್ಲವೆಂಬುದು ನಿಜ. ಆದುದರಿಂದಲೇ ಬಣ್ಣ ಬದಲಾಯಿಸಲು ಅಡ್ಡಿಯಿಲ್ಲ. ಆದರೆ ನೋಂದಣಿ ಪತ್ರದಲ್ಲಿ ಒಂದು ಬಣ್ಣವನ್ನು ಬರೆಯಿಸಿಕೊಂಡು ವಾಹನವನ್ನು ಇನ್ನೊಂದು ಬಣ್ಣದಲ್ಲಿ ಓಡಿಸುವುದಕ್ಕೆ ಈ ವಿವರಣೆಯು ಆಧಾರವಾಗುವುದಿಲ್ಲ. ಮೊದಲು ಸಾರಿಗೆ ಕಛೇರಿಯ ಅನುಮತಿಯನ್ನು ಪಡೆದು, ಬಣ್ಣ ಹೊಡೆಸಿ, ಆ ಮೇಲೆ ಪತ್ರದಲ್ಲಿ ಹೊಸ ಬಣ್ಣವನ್ನು ಬರೆಯಿಸಿಕೊಳ್ಳುವುದೇ ಸರಿಯಾದ ಕ್ರಮ. ಅನುಮತಿ ಪಡೆದು ಮಾಡಿದ ಬದಲಾವಣೆಯನ್ನು ೧೪ ದಿನಗಳೊಳಗಾಗಿ ವರದಿ ಮಾಡಿ, ನೋಂದಣಿ ಪತ್ರವನ್ನು ನಿಯಮಿತ ಶುಲ್ಕದೊಡನೆ ಒಪ್ಪಿಸಬೇಕೆಂದು ಕಾಯಿದೆಯು ಅವಧಿಯನ್ನು ಗೊತ್ತು ಮಾಡಿದೆ. ಬಣ್ಣದ ವಿಷಯದಲ್ಲಿಯೂ ಈ ಅವಧಿಯನ್ನೇ ಲೆಕ್ಕಕ್ಕಿಟ್ಟುಕೊಳ್ಳುವುದು ಕ್ಷೇಮ. ಬಣ್ಣದ ಹಾಳೆಯನ್ನು ಮೈಗೆ ಅಂಟಿಸಿ ವ್ಯಾನಿನ ರೂಪವನ್ನೇ ಬದಲಾಯಿಸುವವರೂ ಇದೇ ದಾರಿಯನ್ನು ಹಿಡಿಯತಕ್ಕದ್ದು. ಬ್ರಷ್ಷಿನಿಂದ ಬಳಿಯಲಿಲ್ಲವೆಂಬ ವಾದವು ರಸ್ತೆಯಲ್ಲಿ ನಿಲ್ಲುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳೂ ಈಗ ದಾವಣಗೆರೆ ಜಿಲ್ಲೆಗೆ ಸೇರಿರುವುದರಿಂದ ಇವುಗಳ ವಾಹನಗಳಿಗೆ ಕೆಎ-೧೭ರ ಗುರುತು ಬರುತ್ತದೆ. ಆದರೆ ದಾವಣಗೆರೆ ಜಿಲ್ಲೆಯು ಏರ್ಪಟ್ಟದ್ದು ೧೯೯೭ನೆಯ ಆಗಸ್ಟ್ ೧೫ರಂದು. ಅದಕ್ಕೆ ಮುಂಚೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯು ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಇದಲ್ಲದೆ ಹೊನ್ನಾಳಿ ನ್ಯಾಮತಿಗಳವರು ಶಿವಮೊಗ್ಗದಲ್ಲಿ ಹಳೆಯ ವ್ಯಾನನ್ನು ಕೊಂಡು ತರುವುದೂ ಉಂಟು. ಹೀಗಾಗಿ ಶಿವಮೊಗ್ಗದ ಕೆಎ-೧೪, ಚಿತ್ರದುರ್ಗದ ಕೆಎ-೧೬ ಎಂಬ ಗುರುತುಗಳ ವಾಹನಗಳು ಈ ಗ್ರಾಮಗಳಲ್ಲಿ ಕಂಡುಬರುತ್ತವೆ. ಅಂತಹ ವಾಹನದ ಮಾಲೀಕನು ಬಣ್ಣದ ಸಲುವಾಗಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಮಾಲೀಕನು ವಾಸಿಸುವ ಸ್ಥಳವು ಯಾವ ನೋಂದಣಿ ಅಧಿಕಾರಿಯ ವ್ಯಾಪ್ತಿಗೆ ಸೇರಿದೆಯೋ ಅವರಿಗೇ ವರದಿ ಮಾಡಬೇಕೆಂದೂ, ಅವರು ಮೂಲದ ಅಧಿಕಾರಿಗೆ ತಿಳಿಸಬೇಕೆಂದೂ ೫೨ನೆಯ ಪ್ರಕರಣದಲ್ಲಿಯೇ ಹೇಳಿದೆ. ಪತ್ರದಲ್ಲಿ ವಿಳಾಸವು ಹಳೆಯದಾಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳತಕ್ಕದ್ದು. ವಿಳಾಸ ಬದಲಾದ ೩೦ ದಿನಗಳೊಳಗಾಗಿ ತಿಳಿಸಬೇಕೆಂಬುದು ೪೯ನೆಯ ಪ್ರಕರಣದ ಕಟ್ಟಳೆ.

ಅರ್ಜಿಯನ್ನು ಈಗ ಪರಿವಾಹನ್ ಎಂಬ ಸರ್ಕಾರದ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದೆ. ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮಾಪತ್ರ, ಹೊಗೆ ತಪಾಸಣೆಯ ಪತ್ರ, ಸಾಮಾನು ಸಾಗಿಸುವ ವಾಹನವಾದರೆ ಅರ್ಹತಾ ಪತ್ರ, ಇವುಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ವ್ಯಾನನ್ನು ಸಾಲದ ಮೇಲೆ ಕೊಂಡಿದ್ದರೆ ಸಾಲ ಕೊಟ್ಟ ಬ್ಯಾಂಕಿನ ಅಥವಾ ಫೈನಾನ್ಸ್ ಕಂಪೆನಿಯ ಒಪ್ಪಿಗೆಯ ಪತ್ರವು ಮುಖ್ಯವಾದದ್ದು. ಬಾಡಿಗೆ-ಖರೀದಿಯ ಕರಾರಿನ ಮೇಲೆ ವಾಹನವನ್ನು ಇಟ್ಟುಕೊಂಡಿರುವವನು ನೋಂದಾಯಿತ ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಾರ್ಪಾಡನ್ನೂ ಮಾಡಕೂಡದೆಂದು ಅದೇ ಪ್ರಕರಣವು ನಿಷೇಧಿಸುತ್ತದೆ. ಅಡವಿನ ಸಾಲದಲ್ಲಿಯೂ ಕರಾರು ಪತ್ರವನ್ನು ಬಿಚ್ಚಿ ಓದಿದರೆ ಸಾಮಾನ್ಯವಾಗಿ ಇದೇ ಅರ್ಥದ ಷರತ್ತು ಸಿಕ್ಕುತ್ತದೆ. ಸಾಲದ ಕಾಗದಗಳನ್ನು ಓದದೆ ರುಜು ಹಾಕುವ ಪದ್ಧತಿಯು ಎಷ್ಟು ಮಂದಿಗೆ ಇದೆಯೆಂಬುದು ಎಲ್ಲರಿಗೂ ತಿಳಿದ ವಿಷಯವೇ.

ಬಣ್ಣಕ್ಕಿಂತಲೂ ಹೆಚ್ಚಿನ ಅಪಾಯವು ಬಣ್ಣದ ನೆಪದಲ್ಲಿ ನಡೆಯುವ ಬೇರೆ ಕೆಲಸಗಳಲ್ಲಿದೆ. ವ್ಯಾನು ಹೇಗೂ ಶೆಡ್ಡಿನಲ್ಲಿ ಹದಿನೈದು ದಿನ ನಿಲ್ಲುತ್ತದೆ, ವೆಲ್ಡಿಂಗಿನವನೂ ಪಕ್ಕದಲ್ಲಿಯೇ ಇದ್ದಾನೆ, ಇದೇ ಸಮಯದಲ್ಲಿ ಪಕ್ಕದ ಹಲಗೆಗಳನ್ನು ಒಂದೂವರೆ ಅಡಿ ಎತ್ತರಿಸಿದರೆ ಹುಲ್ಲನ್ನೂ ಅಡಿಕೆಸಿಪ್ಪೆಯನ್ನೂ ಹೆಚ್ಚಾಗಿ ತುಂಬಬಹುದಲ್ಲಾ ಎಂದು ತೋರುವುದು ಸ್ವಾಭಾವಿಕ. ಕೆಲವರು ಹಿಂಭಾಗದಲ್ಲಿ ಎರಡು ಬೆಂಚುಗಳನ್ನು ಬೆಸೆಯಿಸುತ್ತಾರೆ. ಕೆಲವರು ಮೇಲ್ಛಾವಣಿಯನ್ನು ಕತ್ತರಿಸಿ ತೆಗೆಸುತ್ತಾರೆ. ಇವು ಬಣ್ಣದಂತಹವುಗಳಲ್ಲ, ರಚನೆಯನ್ನೇ ಬದಲಾಯಿಸುವಂತಹವು. ೨೦೧೯ನೆಯ ಜನವರಿಯಲ್ಲಿ ಕೇರಳದ ಒಂದು ಮೊಕದ್ದಮೆಯನ್ನು ತೀರ್ಮಾನಿಸುತ್ತ ಸರ್ವೋಚ್ಚ ನ್ಯಾಯಾಲಯವು, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನದ ರಚನೆಯನ್ನು ಬದಲಾಯಿಸಲು ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ ೧೮೨-ಎ ಪ್ರಕರಣದ ಮೇರೆಗೆ, ಕಾಯಿದೆಯು ಒಪ್ಪದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ ೫,೦೦೦ ರೂಪಾಯಿಗಳ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಒಂದೊಂದು ಮಾರ್ಪಾಡಿಗೆ ಎಂಬ ಮಾತನ್ನು ಗಮನಿಸತಕ್ಕದ್ದು. ಹಲಗೆಗೆ ಬೇರೆ, ಬೆಂಚಿಗೆ ಬೇರೆ.

ಬೆಂಚಿನ ವಿಷಯವು ಜುಲ್ಮಾನೆಯಲ್ಲಿಯೇ ಮುಗಿಯುವುದಿಲ್ಲ. ಅಡಿಕೆ ಸುಲಿಯುವುದಕ್ಕೂ ನಾಟಿಗೂ ಕಳೆ ತೆಗೆಯುವುದಕ್ಕೂ ಪಕ್ಕದ ಊರುಗಳಿಂದ ಹೆಣ್ಣಾಳುಗಳನ್ನು ಸಾಮಾನಿನ ವ್ಯಾನಿನಲ್ಲಿ ಕೂರಿಸಿಕೊಂಡು ಬರುವುದು ಈ ತಾಲ್ಲೂಕುಗಳಲ್ಲಿ ಪ್ರತಿ ದಿನವೂ ಕಾಣುವ ದೃಶ್ಯ. ಸಾಮಾನಿನ ವಾಹನದಲ್ಲಿ ಪ್ರಯಾಣಿಕರಾಗಿ ಕುಳಿತು ಹೋಗುವವರಿಗೆ ಅಪಘಾತದಲ್ಲಿ ಹಾನಿಯಾದರೆ ಆ ಪರಿಹಾರವು ವಿಮಾ ಕಂಪೆನಿಯ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆಶಾರಾಣಿ ಎಂಬವರ ಮೊಕದ್ದಮೆಯಲ್ಲಿ ೨೦೦೨ರಲ್ಲಿ ತೀರ್ಪಿತ್ತಿದೆ. ಸರಕಿನ ಮಾಲೀಕನಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಸರಕಿನ ಜೊತೆಯಲ್ಲಿ ಹೋಗುವುದಕ್ಕೆ ೧೯೯೪ರ ತಿದ್ದುಪಡಿಯು ರಕ್ಷಣೆ ಕೊಟ್ಟಿದೆಯೇ ಹೊರತು, ಹಿಂದೆ ಬೆಂಚಿನ ಮೇಲೆ ಕುಳಿತ ಹತ್ತು ಹದಿನೈದು ಮಂದಿ ಆಳುಗಳಿಗಲ್ಲ. ವ್ಯಾನು ಮಗುಚಿದಲ್ಲಿ, ಕೂಲಿಗೆ ಬಂದ ಹೆಂಗಸಿನ ಸಂಸಾರಕ್ಕೆ ವಿಮೆಯ ಹಣವು ದೊರೆಯದೆ ಹೋಗುವ, ನ್ಯಾಯಾಲಯವು ಗೊತ್ತು ಮಾಡಿದ ಮೊಬಲಗು ಜಮೀನುದಾರನ ಆಸ್ತಿಯ ಮೇಲೆಯೇ ಬೀಳುವ ಭಯವಿದೆ. ಬೆಂಚು ಬೆಸೆಯಿಸುವುದೆಂದರೆ ಈ ತಪ್ಪಿಗೆ ತಾನಾಗಿಯೇ ಸಾಕ್ಷ್ಯವನ್ನು ನಿಲ್ಲಿಸಿದಂತೆ. ಆಳುಗಳನ್ನು ಕರೆತರಬೇಕಾದರೆ ಪ್ರಯಾಣಿಕರಿಗೆಂದು ನೋಂದಣಿಯಾಗಿ, ಪ್ರಯಾಣಿಕರ ವಿಮೆಯುಳ್ಳ ವಾಹನವನ್ನೇ ಗೊತ್ತು ಮಾಡಿಕೊಳ್ಳತಕ್ಕದ್ದು.

ಬಣ್ಣವನ್ನು ಆರಿಸುವಾಗಲೂ ಕೆಲವು ಎಚ್ಚರಿಕೆಗಳಿವೆ. ಸೈನ್ಯದವರ ವಾಹನಗಳ ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಯ ಹೊರತು ಬೇರೆ ಯಾರೂ ಬಳಸಕೂಡದೆಂದು ೧೯೮೯ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ ೧೨೧ನೆಯದು ವಿಧಿಸಿದೆ. ಶಾಲೆಯ ಮಕ್ಕಳ ವಾಹನಗಳಿಗೆ ಹಳದಿ ಬಣ್ಣವು ಗೊತ್ತಾಗಿರುವುದರಿಂದ, ಶಾಲೆಯವರು ಮಾರಿದ ಹಳೆಯ ವ್ಯಾನನ್ನು ಕೊಂಡವರು ಬಣ್ಣವನ್ನೂ ಶಾಲೆಯ ಹೆಸರನ್ನೂ ತೆಗೆಸಬೇಕು. ಅಷ್ಟೇ ಅಲ್ಲದೆ ನೋಂದಣಿ ಪತ್ರದಲ್ಲಿ ವಾಹನದ ವರ್ಗವನ್ನೂ ಬದಲಾಯಿಸಿಕೊಳ್ಳಬೇಕು. ಬಣ್ಣ ಹೋಗಿ ವರ್ಗ ಉಳಿದರೆ ತೆರಿಗೆಯಲ್ಲಿಯೂ ವಿಮೆಯಲ್ಲಿಯೂ ತಕರಾರು ಹುಟ್ಟುತ್ತದೆ. ರಾಷ್ಟ್ರಲಾಂಛನವನ್ನು ಮನಬಂದಂತೆ ಬಳಸುವುದನ್ನು ೨೦೦೫ರ ಕಾಯಿದೆಯೊಂದು ನಿಷೇಧಿಸಿದೆ. ಇನ್ನು ನೋಂದಣಿ ಸಂಖ್ಯೆಯ ಫಲಕದ ಮೇಲೆ ಪಂಚಾಯಿತಿಯ ಪದವಿಯನ್ನಾಗಲಿ, ಸಂಘದ ಹೆಸರನ್ನಾಗಲಿ, ಮನೆದೇವರ ಹೆಸರನ್ನಾಗಲಿ ಬರೆಯಿಸಲು ಸ್ಥಳವಿಲ್ಲ. ದೇವರ ಹೆಸರಿಗೆ ಮುಂದಿನ ಗಾಜಿನ ಮೇಲ್ಗಡೆಯ ತಗಡು ಯಥೇಚ್ಛವಾಗಿದೆ. ಪದವಿಯ ಹೆಸರಿಗೆ ವ್ಯಾನಿನಲ್ಲಿ ಸ್ಥಳವನ್ನು ಹುಡುಕದಿರುವುದೇ ಲೇಸು.

ಪೇಂಟರನು ತನ್ನ ಕೆಲಸದ ಸೌಕರ್ಯಕ್ಕಾಗಿ ಮಾಡುವ ಕೆಲವು ಕೆಲಸಗಳ ಮೇಲೆ ಮಾಲೀಕನು ಕಣ್ಣಿಟ್ಟಿರಬೇಕು. ೨೦೧೯ನೆಯ ಏಪ್ರಿಲ್ ೧ರಿಂದ ಹೊಸ ವಾಹನಗಳಿಗೂ, ರಾಜ್ಯ ಸರ್ಕಾರದ ೨೦೨೩ನೆಯ ಆಗಸ್ಟ್ ತಿಂಗಳ ಆಜ್ಞೆಯಿಂದ ಅದಕ್ಕೆ ಹಿಂದಿನವುಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕವು ಬಂದಿದೆ. ಇದನ್ನು ಹಿಡಿದಿರುವ ಬೀಗವು ಒಮ್ಮೆ ಮುರಿದರೆ ಮತ್ತೆ ಬಳಸಲು ಬಾರದಂತಹುದು. ಫಲಕವನ್ನು ಕಿತ್ತು ಬಣ್ಣ ಹೊಡೆದು ಸಾಧಾರಣ ಬೋಲ್ಟಿನಿಂದ ಕೂರಿಸಿದರೆ ಅದು ಮೊದಲಿನ ಸ್ಥಿತಿಗೆ ಬಂದಂತಾಗುವುದಿಲ್ಲ. ಕಾಗದವನ್ನು ಅಂಟಿಸಿ ಮುಚ್ಚಿಕೊಂಡು ಕೆಲಸ ಮಾಡಲು ಹೇಳತಕ್ಕದ್ದು. ಚಾಸಿಸ್ ಸಂಖ್ಯೆಯನ್ನು ಕೊರೆದಿರುವ ಸ್ಥಳದ ಮೇಲೆ ಪುಟ್ಟಿಯನ್ನಾಗಲಿ ದಪ್ಪ ಬಣ್ಣವನ್ನಾಗಲಿ ಹಚ್ಚಿಸಲೇಕೂಡದು. ಉಪ್ಪುಕಾಗದದಿಂದ ಅಲ್ಲಿ ಉಜ್ಜಿಸುವುದು ಇನ್ನೂ ಕೆಟ್ಟದ್ದು. ಆ ಅಕ್ಷರಗಳು ಮಸುಕಾದರೆ ಸಾರಿಗೆ ಕಛೇರಿಯವರೂ ವಿಮೆಯವರೂ ವಾಹನವನ್ನು ಗುರುತಿಸುವ ಮುಖ್ಯ ಆಧಾರವೇ ಹೋದಂತಾಗುತ್ತದೆ. ಸಾಮಾನಿನ ವ್ಯಾನಿನ ಮೇಲೆ ಬರೆದಿರುವ ಖಾಲಿ ತೂಕ, ತುಂಬಿದ ತೂಕ ಮುಂತಾದ ವಿವರಗಳನ್ನು ಬಣ್ಣ ಒಣಗಿದ ಕೂಡಲೆ ಮತ್ತೆ ಬರೆಯಿಸಬೇಕು. ರಾತ್ರಿ ಹೊಳೆಯುವ ಪಟ್ಟಿಗಳನ್ನು ಹೊಸದಾಗಿ ಅಂಟಿಸಬೇಕು.

ಹಳೆಯ ವ್ಯಾನನ್ನು ಕೊಂಡವರಲ್ಲಿ ಒಂದು ಅಭ್ಯಾಸವಿದೆ. ವ್ಯಾನು ಮನೆಗೆ ಬಂದೊಡನೆ ಬಣ್ಣ ಹೊಡೆಸಿ, ಪೂಜೆ ಮಾಡಿಸಿ, ಕಾಗದಗಳನ್ನು ಮಾತ್ರ ನಿಧಾನವಾಗಿ ನೋಡಿಕೊಳ್ಳೋಣವೆಂದು ಬಿಡುತ್ತಾರೆ. ಕ್ರಮವು ಇದಕ್ಕೆ ವಿರುದ್ಧವಾಗಿರತಕ್ಕದ್ದು. ನೋಂದಣಿಯಲ್ಲಿ ಹೆಸರು ಬದಲಾಗುವ ತನಕ ಬಣ್ಣಕ್ಕೆ ಅರ್ಜಿ ಹಾಕುವ ಅಧಿಕಾರವು ಹಿಂದಿನ ಮಾಲೀಕನದೇ. ಅಪಘಾತವಾದರೆ ನೋಂದಣಿಯಲ್ಲಿ ಹೆಸರಿರುವವನೇ ಹೊಣೆಗಾರನೆಂದು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿರುವುದರಿಂದ ಮಾರಿದವನಿಗೂ ಇದು ಗಂಡಾಂತರವೇ. ವಿಮೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಾಹನವು ಕೈಬದಲಾದಾಗ ಮೂರನೆಯವರ ಹಾನಿಯ ವಿಮೆಯು ಕೊಂಡವನಿಗೆ ತಾನಾಗಿಯೇ ವರ್ಗವಾದಂತೆ ೧೫೭ನೆಯ ಪ್ರಕರಣವು ಭಾವಿಸುತ್ತದೆ. ಆದರೆ ವಾಹನದ ಸ್ವಂತ ಹಾನಿಯ ವಿಮೆಯು ಹಾಗೆ ವರ್ಗವಾಗುವುದಿಲ್ಲವೆಂದು ೧೯೯೫ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ತೀರ್ಪಾಗಿದೆ. ೧೪ ದಿನಗಳೊಳಗಾಗಿ ವಿಮಾ ಕಂಪೆನಿಗೆ ಬರೆದು ಹೆಸರು ಬದಲಾಯಿಸಿಕೊಳ್ಳದವನು, ಸಾವಿರಾರು ರೂಪಾಯಿ ಸುರಿದು ಬಣ್ಣ ಹೊಡೆಸಿದ ವ್ಯಾನು ಮಾರನೆಯ ದಿನ ಮರಕ್ಕೆ ಬಡಿದರೆ, ವಿಮೆಯಿಂದ ಒಂದು ಕಾಸನ್ನೂ ನಿರೀಕ್ಷಿಸಲಾರನು.

ಇಲ್ಲಿ ವಿಮೆಯ ಎರಡು ಭಾಗಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ರಸ್ತೆಯಲ್ಲಿ ಹೋಗುವ ಇತರರಿಗೆ ಆಗುವ ಹಾನಿಯ ವಿಮೆಯು ೧೪೬ನೆಯ ಪ್ರಕರಣದ ಮೇರೆಗೆ ಕಡ್ಡಾಯವಾದದ್ದು. ಆ ಹೊಣೆಯನ್ನು ವಿಮಾ ಕಂಪೆನಿಯು ಯಾವ ಯಾವ ಕಾರಣಗಳಿಂದ ನಿರಾಕರಿಸಬಹುದೆಂಬುದನ್ನು ೧೫೦ನೆಯ ಪ್ರಕರಣವು ಎಣಿಸಿ ಹೇಳಿದೆ. ಲೈಸೆನ್ಸಿಲ್ಲದವನು ಓಡಿಸುವುದು, ರಹದಾರಿಯಿಲ್ಲದೆ ಬಾಡಿಗೆಗೆ ಓಡಿಸುವುದು, ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ವಿಮೆ ಪಡೆಯುವುದು ಮುಂತಾದುವು ಅಲ್ಲಿವೆ, ಬಣ್ಣದ ಮಾತಿಲ್ಲ. ಆದಕಾರಣ ಬಣ್ಣ ಬದಲಾದ ಒಂದೇ ಕಾರಣದಿಂದ ಗಾಯಗೊಂಡ ದಾರಿಹೋಕನ ಪರಿಹಾರವು ತಪ್ಪಿಹೋಗುವುದೆಂದು ಹೆದರಬೇಕಾಗಿಲ್ಲ. ಎರಡನೆಯ ಭಾಗವಾದ ಸ್ವಂತ ಹಾನಿಯ ವಿಮೆಯು ಕೇವಲ ಕರಾರಿನ ವ್ಯವಹಾರ. ಇಲ್ಲಿ ಸರ್ವೇಯರನು ಬಂದು ವ್ಯಾನನ್ನೂ ನೋಂದಣಿ ಪತ್ರವನ್ನೂ ಎದುರುಬದುರಾಗಿ ಇಟ್ಟು ನೋಡುತ್ತಾನೆ. ಬಣ್ಣದ ವ್ಯತ್ಯಾಸವು ಕಂಡೊಡನೆ ಪ್ರಶ್ನೆಗಳು ಪ್ರಾರಂಭವಾಗುತ್ತವೆ. ಕೊನೆಗೆ ಹಣ ಬಂದರೂ ಬರುವುದು ತಡವಾಗುತ್ತದೆ. ಬಣ್ಣ ಬದಲಾದುದನ್ನು ವಿಮಾ ಕಂಪೆನಿಗೆ ಕಾಗದದಲ್ಲಿ ತಿಳಿಸಿ, ಹೊಸ ನೋಂದಣಿ ಪತ್ರದ ನಕಲನ್ನು ಸೇರಿಸಿ, ತಲಪಿದುದಕ್ಕೆ ರಸೀತಿ ಪಡೆದಿದ್ದರೆ ಈ ಪ್ರಶ್ನೆಗಳಿಗೆ ಎಡೆಯೇ ಇರು­ವುದಿಲ್ಲ. ಏಜೆಂಟನಿಗೆ ಬಾಯಿಮಾತಿನಲ್ಲಿ ಹೇಳಿದ್ದೆವೆಂಬುದು ರುಜುವಾತಲ್ಲ.

ಬಣ್ಣವೇ ಹಾಳಾದಾಗ ವಿಮೆಯಿಂದ ಎಷ್ಟು ಬರುತ್ತದೆಂಬ ವಿಷಯದಲ್ಲಿ ಬಹಳ ಮಂದಿಗೆ ತಪ್ಪು ತಿಳಿವಳಿಕೆಯಿದೆ. ತುಕ್ಕು, ಸವೆತ, ಬಿಸಿಲಿಗೆ ಮಾಸುವುದು ಇವುಗಳಿಗೆ ಯಾವ ವಿಮೆಯೂ ಕೊಡುವುದಿಲ್ಲ. ಅಪಘಾತದಿಂದ ಬಣ್ಣ ಕೆಟ್ಟರೆ ಬಿಳಿಯ ಫಲಕದ ಸ್ವಂತ ಉಪಯೋಗದ ವ್ಯಾನಿಗೂ ಹಳದಿ ಫಲಕದ ಸಾಮಾನಿನ ವ್ಯಾನಿಗೂ ನಿಯಮವು ಬೇರೆಬೇರೆ. ೨೦೦೨ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ ಬಂದ ಷರತ್ತಿನ ಪ್ರಕಾರ, ಸಾಮಾನಿನ ವಾಹನದಲ್ಲಿ ದೀಪಗಳು, ಟೈರುಗಳು, ಮಡ್‌ಗಾರ್ಡು, ಬಾನೆಟ್ಟಿನ ಪಕ್ಕದ ಭಾಗಗಳು, ಬಂಪರು ಮತ್ತು ಬಣ್ಣದ ಕೆಲಸ ಇವು, ವಾಹನವು ಪೂರ್ಣವಾಗಿ ನಾಶವಾದ ಹೊರತು, ವಿಮೆಯಿಂದ ಹೊರಗೆ. ಹೆಚ್ಚಿನ ಕಂತನ್ನು ಕೊಟ್ಟು ಐ.ಎಂ.ಟಿ. ೨೩ ಎಂಬ ಸೇರ್ಪಡೆಯನ್ನು ಪಡೆದವರಿಗೆ ಮಾತ್ರ ಇವು ಒಳಗೆ ಬರುತ್ತವೆ; ಆಗಲೂ ವಾಹನದ ಬೇರೆ ಭಾಗಕ್ಕೆ ಅದೇ ಸಮಯದಲ್ಲಿ ಹಾನಿಯಾಗಿರಬೇಕು, ಬಣ್ಣವು ಹಾನಿಯಾದ ಭಾಗಕ್ಕೆ ಮಾತ್ರ ದೊರೆಯುವುದು. ಹಳದಿ ಫಲಕದ ವ್ಯಾನುಳ್ಳವರು ಈ ದಿನವೇ ತಮ್ಮ ವಿಮಾಪತ್ರವನ್ನು ತೆಗೆದು ಈ ಸಂಖ್ಯೆಯು ಅದರಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳುವುದು ಒಳ್ಳೆಯದು.

ವಿಮೆಯು ಅನ್ವಯಿಸುವ ಕಡೆಯಲ್ಲಿಯೂ ಬಣ್ಣದ ಬಿಲ್ಲು ಪೂರ್ತಿಯಾಗಿ ಸಲ್ಲುವುದಿಲ್ಲ. ಬಣ್ಣದ ಸಾಮಗ್ರಿಯ ಬೆಲೆಯಲ್ಲಿ ಶೇಕಡ ೫೦ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ. ಸಾಮಗ್ರಿಗೂ ಕೂಲಿಗೂ ಬೇರೆಬೇರೆ ಬಿಲ್ಲಿಲ್ಲದೆ ಒಟ್ಟಾಗಿ ಬರೆದಿದ್ದರೆ ಒಟ್ಟಿನ ಶೇಕಡ ೨೫ನ್ನು ಸಾಮಗ್ರಿಯೆಂದು ಎಣಿಸುತ್ತಾರೆ. ಉದಾಹರಣೆಗೆ ೧೨,೦೦೦ ರೂಪಾಯಿಗಳ ಒಟ್ಟು ಬಿಲ್ಲಿನಲ್ಲಿ ೩,೦೦೦ ರೂಪಾಯಿ ಸಾಮಗ್ರಿಯೆಂದಾಗಿ, ಅದರ ಅರ್ಧವಾದ ೧,೫೦೦ ರೂಪಾಯಿ ಮಾಲೀಕನ ಪಾಲಿಗೆ ಬೀಳುತ್ತದೆ. ಇದರ ಮೇಲೆ ವಿಮಾಪತ್ರದಲ್ಲಿ ಗೊತ್ತಾಗಿರುವ ಕಡ್ಡಾಯದ ಕಡಿತವು ಬೇರೆ. ತಗಡಿನ ಭಾಗಗಳನ್ನು ಬದಲಾಯಿಸಿದರೆ ವಾಹನದ ವಯಸ್ಸನ್ನು ನೋಡಿ ಸವಕಳಿ ಕಳೆಯುತ್ತಾರೆ: ಐದು ವರ್ಷ ದಾಟಿದುದಕ್ಕೆ ಶೇಕಡ ೪೦, ಹತ್ತು ವರ್ಷ ದಾಟಿದುದಕ್ಕೆ ಶೇಕಡ ೫೦. ಬಡಿದ ಒಂದು ಬಾಗಿಲಿಗೆ ಮಾತ್ರ ಬಣ್ಣ ಸಿಕ್ಕಿದಾಗ ಆ ಬಾಗಿಲು ಹೊಸದಾಗಿಯೂ ಉಳಿದ ಮೈ ಹಳೆಯದಾಗಿಯೂ ಕಾಣುವುದರಿಂದ ಮಾಲೀಕನು ತನ್ನ ಖರ್ಚಿನಿಂದ ಇಡೀ ವ್ಯಾನಿಗೆ ಬಣ್ಣ ಹೊಡೆಸಲು ಹೊರಡುತ್ತಾನೆ, ಹೇಗೂ ಹೊಡೆಸುವಾಗ ಬೇರೆ ಬಣ್ಣವೇ ಇರಲೆಂದು ಮನಸ್ಸು ಮಾಡುತ್ತಾನೆ. ಮೇಲೆ ಹೇಳಿದ ಅರ್ಜಿಯ ಮಾತು ಆಗಲೇ ನೆನಪಿಗೆ ಬರಬೇಕಾದದ್ದು. ಇದಲ್ಲದೆ ಸರ್ವೇಯರನು ನೋಡುವುದಕ್ಕೆ ಮುಂಚೆ, ಕೊಯ್ಲಿನ ಅವಸರವೆಂದು, ತಗಡನ್ನು ಬಡಿಸಿ ಬಣ್ಣ ಹಚ್ಚಿಸಿಬಿಟ್ಟರೆ ಹಾನಿಯೆಷ್ಟೆಂದು ತೋರಿಸಲು ಏನೂ ಉಳಿಯುವುದಿಲ್ಲ.

ವ್ಯಾನು ಪೇಂಟರನ ಶೆಡ್ಡಿನಲ್ಲಿರುವ ದಿನಗಳೂ ಅಲಕ್ಷ್ಯ ಮಾಡತಕ್ಕವಲ್ಲ. ತಿನ್ನರ್ ಬೇಗನೆ ಬೆಂಕಿ ಹಿಡಿಯುವ ಪದಾರ್ಥ. ಪಕ್ಕದಲ್ಲಿಯೇ ವೆಲ್ಡಿಂಗು ನಡೆಯುತ್ತಿರುತ್ತದೆ. ರಿಪೇರಿಗೆಂದು ತನ್ನ ವಶಕ್ಕೆ ಬಂದ ವಸ್ತುವನ್ನು ಸಾಧಾರಣ ವಿವೇಕಿಯಾದವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳುವುದು ಶೆಡ್ಡಿನವನ ಕರ್ತವ್ಯವೆಂದು ೧೮೭೨ರ ಕರಾರು ಕಾಯಿದೆಯ ೧೫೧ನೆಯ ಪ್ರಕರಣವು ಹೇಳುತ್ತದೆ. ಅದೇ ಕಾಯಿದೆಯ ೧೭೦ನೆಯ ಪ್ರಕರಣದ ಮೇರೆಗೆ, ಒಪ್ಪಿದ ಕೆಲಸವನ್ನು ಸರಿಯಾಗಿ ಮುಗಿಸಿದ ಶೆಡ್ಡಿನವನು ತನ್ನ ಕೂಲಿ ಸಲ್ಲುವ ತನಕ ವ್ಯಾನನ್ನು ಹಿಡಿದಿಟ್ಟುಕೊಳ್ಳಲೂ ಬಹುದು. ಆದುದರಿಂದ ಬಣ್ಣ, ಎಷ್ಟು ಸಲ ಹೊಡೆಯತಕ್ಕದ್ದು, ದಿನಗಳು, ಮೊಬಲಗು ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ರುಜು ಹಾಕಿಕೊಳ್ಳುವುದು ಉತ್ತಮ. ಶೆಡ್ಡಿನ ಹುಡುಗರು ಬಣ್ಣ ಒಣಗಿಸಲೆಂದು ವ್ಯಾನನ್ನು ಬಿಸಿಲಿಗೆ ತರುವುದೂ, ಡೀಸೆಲಿಗೆಂದು ರಸ್ತೆಗೆ ಒಯ್ಯುವುದೂ ಇದೆ. ಲೈಸೆನ್ಸಿಲ್ಲದವನ ಕೈಯಲ್ಲಿ ಅಪಘಾತವಾದರೆ ಸ್ವಂತ ಹಾನಿಯ ವಿಮೆಯು ಹೋಯಿತೆಂದೇ ತಿಳಿಯಬೇಕು; ಗಾಯಗೊಂಡವನಿಗೆ ಕಂಪೆನಿಯು ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಆಸ್ಪದವಿರುತ್ತದೆ. ಬೀಗದ ಕೈಯನ್ನು ಶೆಡ್ಡಿನ ಯಜಮಾನನಿಗೇ ಕೊಟ್ಟು, ಓಡಿಸುವವರು ಯಾರೆಂದು ಕೇಳಿಕೊಂಡು ಬರುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಕಳವಿನ ಸಂದರ್ಭದಲ್ಲಿ ಬಣ್ಣದ ಬೆಲೆಯು ಪೂರ್ತಿಯಾಗಿ ತಿಳಿಯುತ್ತದೆ. ನೀಲಿ ಮಾಡಿಸಿದ ವ್ಯಾನು ರಾತ್ರಿ ಮನೆಯ ಮುಂದಿನಿಂದ ಹೋಯಿತೆಂದು ಭಾವಿಸಬಹುದು. ಠಾಣೆಯಲ್ಲಿ ನೀಲಿಯೆಂದು ದೂರು ಬರೆಯಿಸಿದರೆ ಸರ್ಕಾರದ ದಾಖಲೆಯಲ್ಲಿ ಬಿಳಿಯೆಂದಿರುತ್ತದೆ. ದಾಖಲೆಯಂತೆ ಬಿಳಿಯೆಂದು ಬರೆಯಿಸಿದರೆ ಪೊಲೀಸರು ಇಲ್ಲದ ವ್ಯಾನನ್ನು ಹುಡುಕುತ್ತಾರೆ. ಇಂತಹ ಸಮಯದಲ್ಲಿ ಇದ್ದ ನಿಜವನ್ನೇ ಬರೆಯಿಸಿ, ಬಣ್ಣ ಹೊಡೆಸಿದ ಬಿಲ್ಲನ್ನೂ ಪಟವನ್ನೂ ಒಪ್ಪಿಸಬೇಕು. ದೂರನ್ನು ಒಡನೆಯೇ ಕೊಟ್ಟಿದ್ದರೆ, ವಿಮಾ ಕಂಪೆನಿಗೆ ತಿಳಿಸುವುದರಲ್ಲಿ ಆದ ತಡವನ್ನೇ ಕಾರಣ ಮಾಡಿ ಹಣವನ್ನು ನಿರಾಕರಿಸುವಂತಿಲ್ಲವೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ಅನ್ಯಾಯವಾಗಿ ನಿರಾಕರಿಸಲ್ಪಟ್ಟವರು ಮೊದಲು ಕಂಪೆನಿಗೇ ಲಿಖಿತವಾಗಿ ದೂರು ಕೊಟ್ಟು, ಒಂದು ತಿಂಗಳೊಳಗೆ ಸಮಾಧಾನವು ದೊರೆಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರಿಗೆ ಬರೆದುಕೊಳ್ಳಬಹುದು, ಇದಕ್ಕೆ ಶುಲ್ಕವಿಲ್ಲ. ದಾವಣಗೆರೆಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ಇದೆ.

ಬಣ್ಣದ ಕೆಲಸಕ್ಕೆ ಈ ಸೀಮೆಯಲ್ಲಿ ಒಳ್ಳೆಯ ಕಾಲವೆಂದರೆ ಅಡಿಕೆಯ ಕೊಯ್ಲು ಮುಗಿದು ಗಾಳಿಯಲ್ಲಿ ತೇವವಿಲ್ಲದಿರುವ ಫೆಬ್ರವರಿ ಮಾರ್ಚಿ ತಿಂಗಳುಗಳು. ಮಳೆಗಾಲದಲ್ಲಿ ಹೊಡೆಸಿದ ಬಣ್ಣದ ಕೆಳಗೆ ತೇವ ನಿಂತು ಗುಳ್ಳೆ ಏಳುತ್ತದೆ. ಬಣ್ಣವನ್ನು ಬದಲಾಯಿಸುವ ಮನಸ್ಸುಳ್ಳವರು ಸಂಕ್ರಾಂತಿಯ ಸುಮಾರಿಗೆ ಅರ್ಜಿಯನ್ನು ಹಾಕಿ, ಶೆಡ್ಡಿಗೆ ಬಿಡುವ ಹಿಂದಿನ ದಿನ ವ್ಯಾನಿನ ನಾಲ್ಕು ಮಗ್ಗುಲುಗಳ ಪಟವನ್ನೂ ಚಾಸಿಸ್ ಸಂಖ್ಯೆಯ ಪಟವನ್ನೂ ತೆಗೆಯಿಸಿಟ್ಟುಕೊಂಡರೆ, ಮುಂಗಾರಿನ ಬೀಜ ಗೊಬ್ಬರಗಳನ್ನು ತರಲು ವ್ಯಾನು ರಸ್ತೆಗಿಳಿಯುವ ಹೊತ್ತಿಗೆ ಹೊಸ ನೋಂದಣಿ ಪತ್ರವು ಕೈಯಲ್ಲಿರುತ್ತದೆ.